ಪಕ್ಕದ ಮೇಜಿನವರ ಹೆಂಡತಿ

ಸಾಹೇಬರು "ಬನ್ರೀ, ಸ್ವಲ್ಪ ಇದರ ಮೇಲೆ ನಿಂತ್ಕೊಳ್ಳಿ" ಎಂದು ಕರೆದಾಗ ಅವನು ಯಾಕೆಂದು ಕೇಳಲಿಲ್ಲ. ಚಪ್ಪಲಿ ಕಳಚಿದ, ಜೇಬಿನಲ್ಲಿದ್ದ ಕೀಲಿಕೈ, ಬಾಚಣಿಗೆ, ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟ, ಮೂಟೆ ತೂಗುವ ದೊಡ್ಡ ತಕ್ಕಡಿಯ ಹಲಗೆ ಹತ್ತಿ, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅದು ತೂಕ ಅಳತೆಯ ಕಚೇರಿ, ಅವನು ಅಲ್ಲಿನ ನೌಕರ. ಅಂಗಡಿಯವರು ತಂತಮ್ಮ ತಕ್ಕಡಿಗಳನ್ನು ಹೊತ್ತು ತಂದು, ಸರಿಯಿದೆಯೆಂದು ಪರೀಕ್ಷೆ ಮಾಡಿಸಿ, ಮುದ್ರೆ ಒತ್ತಿಸಿಕೊಂಡು ಹೋಗುವ ಜಾಗ. ಪರೀಕ್ಷೆಗೆ ಬೇಕಾದ ದೊಡ್ಡ ತೂಕದ ಬಟ್ಟುಗಳು ರಿಪೇರಿಗೆಂದು ಹೋದವು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಸಾಹೇಬರಿಗೆ ಹೊಳೆದ ಉಪಾಯ ಇದು: ಈ ಮನುಷ್ಯನ ತೂಕ ವರ್ಷಗಳಿಂದ ಒಂದು ಚೂರೂ ಹೆಚ್ಚುಕಮ್ಮಿಯಾಗಿಲ್ಲ, ಬಟ್ಟಿನ ಬದಲು ಇವನನ್ನೇ ನಿಲ್ಲಿಸಿದರಾಯಿತು. ಮುಳ್ಳು ಓಲಾಡಿ ನಿಂತಿತು. "ನೋಡಿ, ಕರಾರುವಾಕ್ಕು!" ಎಂದರು ಸಾಹೇಬರು, ತಾವೇ ಅವನನ್ನು ಎರಕ ಹೊಯ್ದವರ ಹಾಗೆ. ಸಾಲಿನಲ್ಲಿದ್ದ ಬೇಳೆ ಅಂಗಡಿಯವನು "ಇವರಿಗೆ ಮುದ್ರೆ ಎಲ್ಲಿ ಒತ್ತುತ್ತೀರಿ ಸಾರ್?" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಹಲಗೆಯಿಂದ ಇಳಿಯುವಾಗ ಬೇರೇನೂ ಅನ್ನಿಸಲಿಲ್ಲ, ತಾನೂ ನಕ್ಕೆನಲ್ಲ ಎಂಬುದೊಂದೇ ಮನಸ್ಸಿನಲ್ಲಿ ಉಳಿಯಿತು.

ಸಂಜೆ ಊಟಕ್ಕೆ ಕೂತಾಗ ಹೇಳಿದ. ಮನೆಯಲ್ಲಿ ಕೇಳುವವರಿಗೇನೂ ಕಡಿಮೆ ಇರಲಿಲ್ಲ. ಎದುರಿಗೆ ಬಡಿಸುತ್ತ ಹೆಂಡತಿ, ಗೋಡೆಗೊರಗಿ ಕಾಲು ಚಾಚಿಕೊಂಡು ಅಮ್ಮ, ನಡುಮನೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಹೆಂಡತಿಯ ಅಕ್ಕ. ಈ ಅತ್ತಿಗೆ ಮದುವೆಯಾಗದೆ ಇವರ ಜೊತೆಗೇ ಇದ್ದು, ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದಳು. ಅವಳ ಕಾಲು ಯಂತ್ರದ ಮೆಟ್ಟಿನ ಮೇಲಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. "ಇವತ್ತು ಸಾಹೇಬರು ನನ್ನನ್ನ ತಕ್ಕಡಿ ಮೇಲೆ ನಿಲ್ಲಿಸಿದ್ರು. ಎಲ್ಲರ ಎದುರಿಗೆ" ಎಂದ. ಹೆಂಡತಿ ಸೌಟನ್ನು ಪಾತ್ರೆಯೊಳಗೆ ಆಡಿಸುತ್ತ "ಎಷ್ಟಿದ್ರಿ?" ಎಂದಳು. ಅಮ್ಮ "ಚಪ್ಪಲಿ ಬಿಟ್ಟು ನಿಂತ್ಯೋ, ಹಾಕ್ಕೊಂಡೇ ನಿಂತ್ಯೋ?" ಎಂದಳು. ಯಂತ್ರ ಟಕಟಕನೆ ಓಡುತ್ತಲೇ ಇತ್ತು. ಅವನು ತಲೆ ತಗ್ಗಿಸಿ ಊಟ ಮಾಡಿದ. ತನ್ನ ಬಾಯಲ್ಲಿ ಬಂದದ್ದೆಲ್ಲ ಹೀಗೇ ಸಪ್ಪೆಯಾಗುತ್ತದೆ ಎಂಬುದು ಅವನಿಗೆ ಹೊಸದಲ್ಲ. ಚಿಕ್ಕವನಿದ್ದಾಗ ಹೊಳೆಯಲ್ಲಿ ಮುಳುಗಿ, ಹಸಿರು ನೀರು ಕಣ್ಣೊಳಗೆ, ಕಿವಿಯೊಳಗೆ ನುಗ್ಗಿ, ಇನ್ನೇನು ಮುಗಿಯಿತು ಅನ್ನುವಾಗ ಗೆಳೆಯನೊಬ್ಬ ಕೂದಲು ಹಿಡಿದು ಎಳೆದಿದ್ದ. ಮನೆಗೆ ಬಂದು ಹೇಳಿದರೆ ಅಮ್ಮ "ಚಡ್ಡಿ ಹಿಂಡಿ ಹಾಕು" ಎಂದಿದ್ದಳು. ಅದೇ ಗೆಳೆಯ ಬೀದಿಯಲ್ಲಿ ನಿಂತು ಹೇಳಿದಾಗ ಹೆಂಗಸರು ಬಾಗಿಲಿಗೆ ಬಂದು ನಿಂತರು, ಅಮ್ಮನೂ ಹೋಗಿ ನಿಂತಳು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮುಳುಗಿದವನು ಅವಳ ಪಕ್ಕದಲ್ಲೇ ಒದ್ದೆ ಚಡ್ಡಿಯಲ್ಲಿ ನಿಂತಿದ್ದ.

ಬಟ್ಟುಗಳು ರಿಪೇರಿಯಿಂದ ಬರಲಿಲ್ಲ. ಅವನು ಹಲಗೆ ಹತ್ತುವುದು ಕಚೇರಿಯ ಪದ್ಧತಿಯೇ ಆಗಿಹೋಯಿತು. ಇನ್ನೊಂದು ಸಂಜೆ, ಅದೇ ಮಾತು ಮತ್ತೆ ಬಾಯಿಗೆ ಬಂದಾಗ, 'ನನ್ನನ್ನ' ಎನ್ನುವಲ್ಲಿ ನಾಲಗೆ ನಾಚಿಕೆಯಿಂದ ಪಕ್ಕಕ್ಕೆ ಹೊರಳಿತು. "ಇವತ್ತು ನಮ್ಮ ಪಕ್ಕದ ಮೇಜಿನವರನ್ನ ಸಾಹೇಬರು ತಕ್ಕಡಿ ಮೇಲೆ ನಿಲ್ಲಿಸಿದ್ರು" ಎಂದ. ಪಕ್ಕದ ಮೇಜಿನವರು ಅಂದರೆ ಅವನ ಜೊತೆಯ ನೌಕರ. ಸಣ್ಣ ತಕ್ಕಡಿಗಳ ಕೋಣೆಯಲ್ಲಿ ಗಾಳಿಗೆ ತಟ್ಟೆ ಅಲುಗಾಡುತ್ತದೆಂದು ಫ್ಯಾನು ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ, ಜೋರಾಗಿ ಉಸಿರು ಬಿಡುವಂತೆಯೂ ಇಲ್ಲ. ಆ ಸೆಕೆಯಲ್ಲಿ ಇಬ್ಬರೂ ವರ್ಷಗಟ್ಟಲೆ ಮಾತಿಲ್ಲದೆ ಕೂತಿದ್ದರು. ಆತನಿಗೆ ಮದುವೆಯಾಗಿಲ್ಲ, ಬಾಡಿಗೆ ಕೋಣೆಯಲ್ಲಿದ್ದಾನೆ ಎಂಬುದರ ಹೊರತು ಅವನಿಗೆ ಏನೂ ಗೊತ್ತಿರಲಿಲ್ಲ. ಮಾತು ಹೊರಬಿದ್ದ ಮೇಲೆ, ಮನೆಯಲ್ಲಿ ಏನೋ ಕಳೆದುಹೋದಂತೆ ಅನ್ನಿಸಿ ಅವನು ತಲೆಯೆತ್ತಿದ. ಹೊಲಿಗೆ ಯಂತ್ರ ನಿಂತಿತ್ತು. "ಅಯ್ಯೋ, ಎಲ್ಲರ ಎದುರಿಗಾ?" ಎಂದಳು ಹೆಂಡತಿ, ಸೌಟು ಕೆಳಗಿಟ್ಟು. "ಹೌದು. ಅಂಗಡಿಯವರು ನಕ್ಕರು. ಅವರೂ ನಕ್ಕರು." "ಅವರೂನಾ? ಪಾಪ, ಅಳು ಬಂದಿರುತ್ತೆ, ಅದಕ್ಕೇ ನಕ್ಕಿರ್ತಾರೆ." ಹೆಂಡತಿಯ ಕಣ್ಣಂಚು ಹೊಳೆಯುತ್ತಿತ್ತು. ಅಮ್ಮ "ಅವನ ಹೆಂಡತಿಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾಳೋ" ಎಂದಳು. ಇಲ್ಲದ ಹೆಂಡತಿಯನ್ನು ತಂದವಳು ಹಾಗೆ ಅಮ್ಮನೇ. ಆಗಲೇ ಇಲ್ಲವೆಂದು ಹೇಳಿಬಿಡಬಹುದಿತ್ತು. ಆದರೆ ಮೂರು ಮುಖಗಳು ಅವನ ಕಡೆ ತಿರುಗಿದ್ದವು. ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದು ಅವನಿಗೆ ನೆನಪಿರಲಿಲ್ಲ. "ಅವಳಿಗೆ ಹೇಗೆ ಹೇಳ್ತಾರೆ? ಅವಳು ಮಲಗಿದ ಕಡೆಯಿಂದ ಏಳೋ ಹಾಗಿಲ್ಲ" ಎಂದುಬಿಟ್ಟ.

ಅಲ್ಲಿಂದ ಶುರು. ಸಾಹೇಬರು ಅವನಿಗೆ ಅಂದದ್ದು, ಬಸ್ಸಿನಲ್ಲಿ ಯಾರೋ ಕಾಲು ತುಳಿದು ತಿರುಗಿ ಅವನನ್ನೇ ಬೈದದ್ದು, ಅಂಗಡಿಯವನೊಬ್ಬ ಅವನನ್ನು ಕಸ ಗುಡಿಸುವವನೆಂದು ತಿಳಿದು ಪೊರಕೆ ತೋರಿಸಿದ್ದು ಎಲ್ಲವೂ ಪಕ್ಕದ ಮೇಜಿನವರ ಪಾಲಾಯಿತು. ಅದನ್ನೆಲ್ಲ ನುಂಗಿಕೊಂಡು ಆತ ಮನೆಗೆ ಹೋಗುತ್ತಾನೆ, ಅಲ್ಲಿ ಹೆಂಡತಿ ಮಲಗಿದ್ದಾಳೆ. ಮುಖ ತೊಳೆದು, ನಗು ಹಚ್ಚಿಕೊಂಡು ಒಳಗೆ ಕಾಲಿಡುತ್ತಾನೆ. ಹೀಗೆ ಹೇಳುತ್ತ ಹೇಳುತ್ತ ಅವನಿಗೆ ಯಾರೂ ಹೇಳಿಕೊಡದ ವಿದ್ಯೆಯೊಂದು ದಿನದಿನಕ್ಕೆ ಕೈಗೆ ಹತ್ತತೊಡಗಿತು. ಒಂದು ಸಂಜೆ ಹುರುಪಿನಲ್ಲಿ ಅವರ ಮನೆಗೆ ಬೆಂಕಿ ಬಿತ್ತೆಂದು ಹೇಳಿದ. ಹೆಂಡತಿ "ಹೌದಾ" ಎಂದಳು, ಯಂತ್ರ ಟಕಟಕನೆ ಓಡತೊಡಗಿತು, ಅಮ್ಮ ಆಕಳಿಸಿದಳು. ಗಾಬರಿಯಿಂದ ಅವನು ಬೆಂಕಿಯನ್ನು ಅಲ್ಲೇ ಆರಿಸಿ, ಹಾಸಿಗೆಯಲ್ಲಿದ್ದವಳು ಬಿಸಿನೀರು ಕೇಳಿದ ವಿಷಯ ಎತ್ತಿದ. ಕೇಳಿದಳು, ಆಮೇಲೆ ತಾನು ಕೇಳಿದ್ದೇ ತಪ್ಪಾಯಿತೆಂಬಂತೆ "ಬೇಡ ಬಿಡಿ, ತಣ್ಣಗಿದ್ದರೂ ನಡೆಯುತ್ತೆ" ಎಂದಳು. ಯಂತ್ರ ನಿಂತಿತು. ಬೆಂಕಿಗೆ ನಿಲ್ಲದ ಯಂತ್ರ ಒಂದು ಲೋಟ ನೀರಿಗೆ ನಿಂತದ್ದು ಅವನಿಗೆ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಆದರೆ ನಿಲ್ಲಿಸುವುದು ಹೇಗೆಂದು ಗೊತ್ತಾಯಿತು. ಪಕ್ಕದ ಬೀದಿಯ ತನ್ನ ತಂಗಿಯ ಮಕ್ಕಳ ಹೆಸರು ಮರೆತುಹೋಗಿದ್ದ ಅಮ್ಮ ಇದರಲ್ಲಿ ಮಾತ್ರ ಒಂದು ಎಳೆ ಬಿಡುತ್ತಿರಲಿಲ್ಲ. "ಮೊನ್ನೆ ಎಡಗಾಲು ಊದಿದೆ ಅಂದೆ, ಇವತ್ತು ಬಲಗಾಲು ಅಂತೀಯಲ್ಲೋ" ಎಂದು ಹಿಡಿದುಬಿಡುತ್ತಿದ್ದಳು. "ಎರಡೂ ಊದಿದೆ ಅಮ್ಮ" ಎಂದು ಅವನು ತಪ್ಪಿಸಿಕೊಂಡಾಗ "ಅಯ್ಯಯ್ಯೋ, ಎರಡೂನಾ!" ಎಂದು ಹಣೆ ಬಡಿದುಕೊಂಡಳು.

ಒಂದು ಬೆಳಿಗ್ಗೆ ಹೆಂಡತಿ ಅವನ ಊಟದ ಡಬ್ಬಿಯ ಜೊತೆ ಇನ್ನೊಂದನ್ನೂ ಕಟ್ಟಿದಳು. ಉಪ್ಪು ಖಾರ ಹಾಕದೆ, ಬಾಯಿಗಿಟ್ಟರೆ ಕರಗುವ ಹಾಗೆ ಬೇಯಿಸಿದ್ದು. "ಇದನ್ನ ಅವರ ಮನೆಯವಳಿಗೆ ಕೊಡೋಕೆ ಹೇಳಿ" ಎಂದಳು. ಅವನು ಅದನ್ನು ಎಲ್ಲಾದರೂ ಚೆಲ್ಲಬೇಕೆಂದುಕೊಂಡೇ ಹೊರಟ. ಆದರೆ ಚರಂಡಿಯ ಪಕ್ಕ ನಿಂತು ಮುಚ್ಚಳ ತೆಗೆದಾಗ, ಹೆಂಡತಿ ಅದರ ಮೇಲೆ ಒಂದು ಚೂರು ತುಪ್ಪ ಹಾಕಿ ಚಮಚದ ಬೆನ್ನಿನಿಂದ ನಯವಾಗಿ ಸವರಿದ್ದು ಕಂಡಿತು. ಚೆಲ್ಲಲಾಗಲಿಲ್ಲ. ಪಕ್ಕದ ಮೇಜಿನವರ ಮುಂದೆ ಇಟ್ಟ. ಅವರು ಏನೂ ಕೇಳದೆ ತಿಂದು, ಡಬ್ಬಿ ತೊಳೆದು, ಒರೆಸಿ, ಕೊಟ್ಟರು. ದಿನವೂ ಹೀಗೆ ನಡೆಯಿತು. ಕೊನೆಗೊಂದು ಮಧ್ಯಾಹ್ನ, ಒರೆಸಿದ ಡಬ್ಬಿಯನ್ನು ಮುಂದಿಡುತ್ತ ಅವರು ಕೇಳಿದರು:

"ಒಂದು ಮಾತು. ನಿಮ್ಮ ಮನೆಯವರು ನನಗೆ ಯಾಕೆ ಉಪ್ಪು ಖಾರ ಇಲ್ಲದ ಊಟ ಕಳಿಸ್ತಾರೆ?"

"ಅದು ನಿಮಗಲ್ಲ. ನಿಮ್ಮ ಹೆಂಡತಿಗೆ."

"ನನಗೆ ಮದುವೆಯಾಗಿಲ್ಲ."

"ಗೊತ್ತು."

ಪಕ್ಕದ ಮೇಜಿನವರು ಚಿಮಟದಿಂದ ಒಂದು ಪುಟ್ಟ ಬಟ್ಟನ್ನು ಎತ್ತಿ ತಟ್ಟೆಯಲ್ಲಿಟ್ಟು, ಮುಳ್ಳು ನಿಲ್ಲುವ ತನಕ ಅದನ್ನೇ ನೋಡುತ್ತಿದ್ದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಏನಾಗಿದೆ ಅವಳಿಗೆ?"

ಅವನು ಹೇಳಿದ. ಕಾಲು ಊದಿದ್ದು, ರಾತ್ರಿ ನಿದ್ದೆ ಬಾರದ್ದು, ಗುಳಿಗೆ ಖಾಲಿಯಾಗುತ್ತ ಬಂದದ್ದು ಗಂಡನಿಗೆ ಕಾಣಬಾರದೆಂದು ಅವಳು ಸೀಸೆಯನ್ನು ದಿಂಬಿನ ಕೆಳಗೆ ಅಡಗಿಸುವುದು. ಪಕ್ಕದ ಮೇಜಿನವರ ಮುಖ ಸಣ್ಣದಾಯಿತು. "ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದರು. ಆ ದಿನ ಕಚೇರಿ ಮುಗಿಯುತ್ತಲೇ ಎದ್ದರು. ಎಂದೂ ಅವಸರ ಮಾಡದ ಮನುಷ್ಯ ಕೊಡೆ ಮರೆತು ಹೊರಟೇಬಿಟ್ಟರು. "ಎಲ್ಲಿಗೆ?" ಎಂದು ಅವನು ಕೂಗಿ ಕೇಳಿದ್ದಕ್ಕೆ ಮೆಟ್ಟಿಲ ಮೇಲಿನಿಂದಲೇ "ಒಬ್ಬಳೇ ಇರ್ತಾಳಲ್ರೀ!" ಎಂದರು.

ಇನ್ನು ಮುಂದೆ ಅವನಿಗೆ ಎರಡು ಕಡೆ ಹೇಳುವ ಕೆಲಸ. ಸಂಜೆ ಮನೆಯಲ್ಲಿ ಹೇಳಿದ್ದನ್ನು ಬೆಳಿಗ್ಗೆ ಕೋಣೆಯಲ್ಲಿ ಒಪ್ಪಿಸಬೇಕು. ಪಕ್ಕದ ಮೇಜಿನವರು ಬಟ್ಟು ಕೆಳಗಿಟ್ಟು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಒಮ್ಮೊಮ್ಮೆ ತಕರಾರು ತೆಗೆಯುತ್ತಿದ್ದರು. "ನಾನು ಅವಳ ಮೇಲೆ ರೇಗಿದೆ ಅಂತ ಯಾಕೆ ಹೇಳಿದ್ರಿ? ನಾನು ಹಾಗೆಲ್ಲ ರೇಗೋನಲ್ಲ." ಅವನು "ಬರೀ ಒಳ್ಳೆಯವರಾದ್ರೆ ಕೇಳೋರು ಎದ್ದು ಹೋಗ್ತಾರೆ" ಎಂದ. ಅವರು ಒಪ್ಪಲಿಲ್ಲ. ಇಡೀ ದಿನ ಮುಖ ಗಂಟು ಹಾಕಿಕೊಂಡಿದ್ದು, ಹೊರಡುವ ಹೊತ್ತಿಗೆ ಬಂದು "ಅವಳ ಹತ್ರ ತಪ್ಪಾಯ್ತು ಅಂತ ಹೇಳಿಸಿಬಿಡಿ. ಇವತ್ತೇ" ಎಂದರು. ಹೇಳಿಸಿದ. ಮನೆಯಲ್ಲಿ ಅತ್ತಿಗೆ ಮೊದಲ ಸಲ ಯಂತ್ರದಿಂದ ಎದ್ದು ಬಂದು ಕಂಬಕ್ಕೊರಗಿ ನಿಂತು ಕೇಳಿದಳು. "ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿದ್ರಾ? ಗಂಡಸು?" ಎಂದಳು. ಹೇಳಿದರೆಂದ ಮೇಲೆ, ಹೊಲಿಯಲು ಹೋಗದೆ ಕಂಬದ ಬುಡದಲ್ಲೇ ಕೂತಳು.

ಅವನಿಗೆ ಸುಖವಾಗಿತ್ತೇ? ಇತ್ತು, ಆದರೆ ಆ ಸುಖದ ಕೆಳಗೆ ಒಂದು ತುರಿಕೆ. ಮನೆಗೆ ಕಾಲಿಟ್ಟರೆ ಹೆಂಡತಿ ಚೀಲ ತೆಗೆದುಕೊಳ್ಳುತ್ತ ಕೇಳುತ್ತಿದ್ದುದು "ಹೇಗಿದ್ದಾರೆ?" ಎಂದು. ಹೇಗಿದ್ದೀರಿ ಎಂದಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವನಿಗೆ ತಾನು ಯಾವುದೋ ಮನೆಯಿಂದ ಯಾವುದೋ ಮನೆಗೆ ಸುದ್ದಿ ತಲುಪಿಸುವ ಜವಾನ ಅನ್ನಿಸುತ್ತಿತ್ತು. ಕನ್ನಡಿಯ ಮುಂದೆ ಒಮ್ಮೆ ನಿಂತಾಗ, ಇವನಿಗೆ ಬದುಕಿನಲ್ಲಿ ಏನಾದರೂ ಆದದ್ದುಂಟೇ ಎಂದು ತನ್ನನ್ನೇ ತಾನು ವಿಚಾರಿಸಿಕೊಂಡ. ನೆನಪಿಗೆ ಬಂದದ್ದೆಲ್ಲ ಪಕ್ಕದ ಮೇಜಿನವರಿಗೆ ಆದದ್ದು. ಹಾಗಿರುವಾಗ ಒಂದು ದಿನ ಅವನಿಗೆ ನಿಜವಾಗಿ ಜ್ವರ ಬಂತು. ಬೆಳಿಗ್ಗೆ ಕಚೇರಿಯಲ್ಲೇ ಮೈ ಬಿಸಿ ಇತ್ತು. ಪಕ್ಕದ ಮೇಜಿನವರು ಬಂದು, ಏನೋ ದೊಡ್ಡ ಆಸೆ ಕೇಳುವವರಂತೆ ನಾಚುತ್ತ, "ಇವತ್ತು ಅವಳು ಬಾಗಿಲ ತನಕ ನಡೀಲಿ. ಅಲ್ಲಿ ಸ್ವಲ್ಪ ಬಿಸಿಲು ಬೀಳುತ್ತೆ" ಎಂದರು. ಆಗಲಿ ಎಂದು ಮಾತು ಕೊಟ್ಟ. ಹಲಗೆ ಹತ್ತಿ ನಿಂತಾಗ ಕಣ್ಣು ಕತ್ತಲೆ ಬಂತು. ಸಾಹೇಬರು "ಅಲ್ಲಾಡಬೇಡ್ರೀ, ಮುಳ್ಳು ಅಲ್ಲಾಡುತ್ತೆ" ಎಂದರು. ಮನೆಗೆ ಬಂದಾಗ ಅಡಿಗೆಮನೆಯಿಂದ ಹೊಸದಾಗಿ ಕಾಯಿಸಿದ ತುಪ್ಪದ ವಾಸನೆ. ಒಲೆಯ ಪಕ್ಕದಲ್ಲಿ ಮೆತ್ತಗೆ ಬೇಯಿಸಿದ್ದು ಸಣ್ಣ ಪಾತ್ರೆಯಲ್ಲಿ ಹಬೆಯಾಡುತ್ತಿತ್ತು. ತನ್ನ ಮುಖ ನೋಡಿಯೇ ಇವಳಿಗೆ ತಿಳಿದುಹೋಯಿತಲ್ಲ ಎಂದು ಅವನ ಎದೆ ತುಂಬಿ ಬಂತು. "ನನಗೆ ಜ್ವರ ಕಣೇ" ಎಂದು, ಪಾತ್ರೆ ಎಳೆದುಕೊಂಡು ಚಮಚ ಹಾಕಿದ. "ರೀ, ಅದು ಅವಳಿಗೆ!" ಎಂದು ಹೆಂಡತಿ ಧಾವಿಸಿ ಬಂದು ಪಾತ್ರೆ ಕಿತ್ತುಕೊಂಡಳು. "ಬೆಳಿಗ್ಗೆ ಹೊತ್ತಾಗುತ್ತೆ ಅಂತ ಈಗಲೇ ಮಾಡಿಟ್ಟೆ. ನಿಮಗೆ ಬಡಿಸ್ತೀನಿ ಕೂತ್ಕೊಳ್ಳಿ. ಇವತ್ತು ಹೇಗಿದ್ದಾಳೆ?"

"ತೀರಿಕೊಂಡಳು" ಎಂದ ಅವನು.

ಯಂತ್ರ ನಿಂತಿತು. ಅದು ಇಷ್ಟು ದಿನ ನಿಂತ ಹಾಗಲ್ಲ, ದಾರ ಕಿತ್ತುಕೊಂಡು ನಿಂತಿತು. ಹೆಂಡತಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕೂತಳು. ಅವಳು ಅತ್ತ ರೀತಿ ಅವನಿಗೆ ಅಪರಿಚಿತವಾಗಿತ್ತು. ಶಬ್ದವಿಲ್ಲದೆ, ಬಾಯಿ ತೆರೆದು, ಪಾತ್ರೆಯೊಳಗೆ ನೋಡುತ್ತ ಅತ್ತಳು. ಅಮ್ಮ "ಕಾಲು ಊತ ಇಳೀತು ಅಂದ್ಯಲ್ಲೋ, ಇಳೀತು ಅಂದ್ಯಲ್ಲ" ಎಂದು ಅವನನ್ನೇ ದೂರುತ್ತಿದ್ದಳು. ಅವನಿಗೆ ಒಂದು ಕ್ಷಣ ಭಾರೀ ತೃಪ್ತಿಯಾಯಿತು. ಕಲ್ಲೆಸೆದವನಿಗೆ ಗಾಜು ಒಡೆದ ಸದ್ದು ಕೇಳಿದಾಗ ಆಗುವಂಥದ್ದು. ಮರುಕ್ಷಣವೇ ಬಾಗಿಲ ತನಕ ನಡೆಸುತ್ತೇನೆಂದು ಕೊಟ್ಟಿದ್ದ ಮಾತು ನೆನಪಾಯಿತು. ಆ ಜ್ವರವನ್ನು ಯಾರೂ ಮುಟ್ಟಿ ನೋಡಲಿಲ್ಲ. ಬೆಳಗಾಗುವುದರೊಳಗೆ ತಾನಾಗಿಯೇ ಇಳಿದಿತ್ತು.

ಕಚೇರಿಯಲ್ಲಿ ಸುಳ್ಳು ಹೇಳಿಬಿಡಬೇಕೆಂದುಕೊಂಡಿದ್ದ. ನಡೆದಳು, ಬಿಸಿಲಿನಲ್ಲಿ ಕೂತಳು, ಬೀದಿ ನೋಡಿದಳು ಎಂದು. ಹೇಳಲು ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನವರ ಕಣ್ಣು ಅವನ ಕೈಗೆ ಹೋಯಿತು.

"ಡಬ್ಬಿ?"

"ಇವತ್ತು ಕಳಿಸಿಲ್ಲ."

ಚಿಮಟ ಮೇಜಿನ ಮೇಲೆ ಮೆಲ್ಲಗೆ ಇಳಿಯಿತು. "ಯಾವಾಗ?"

"ನಿನ್ನೆ. ಸಂಜೆ."

"ನಾನು ಹತ್ರ ಇದ್ನಾ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಒಂದೇ ಒಂದು ಪದದಲ್ಲಿ ಸಾಯಿಸಿದ್ದ; ಆ ಪದದಲ್ಲಿ ಇನ್ನೊಬ್ಬರು ಕೂರುವುದಕ್ಕೆ ಜಾಗವಿರಲಿಲ್ಲ. "ಇದ್ರಿ. ಕೈ ಹಿಡ್ಕೊಂಡಿದ್ರಿ" ಎಂದ. ಪಕ್ಕದ ಮೇಜಿನವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲೆ ಮಾಡಿ, ಅದನ್ನೇ ನೋಡುತ್ತ ಕೂತರು. ಆಮೇಲೆ ಎದ್ದು ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇದ್ದುದರಿಂದ ಎಲ್ಲ ಕೇಳಿಸಿತು. "ರಜೆ ಬೇಕು ಸಾರ್. ಹೆಂಡತಿ ತೀರಿಕೊಂಡಳು." "ಅರೆ, ನಿಮಗೆ ಮದುವೆ ಆಗಿರಲಿಲ್ವಲ್ರೀ?" "ಇಲ್ಲ ಸಾರ್." ಸಾಹೇಬರು ಆ ಮುಖ ನೋಡಿದರು. ಎಷ್ಟೋ ಜನ ನೌಕರರ ಎಷ್ಟೋ ಅಜ್ಜಿಯರನ್ನು ಮತ್ತೆ ಮತ್ತೆ ಸಾಯಲು ಬಿಟ್ಟ ಅನುಭವಿ ಅವರು. "ಸರಿ, ಹೋಗಿ. ಧೈರ್ಯ ತಂದ್ಕೊಳ್ಳಿ" ಎಂದು ಎದ್ದು ನಿಂತು ಕೈಮುಗಿದರು.

ಅವನ ಮನೆಯವರೆಲ್ಲ ಪಕ್ಕದ ಮೇಜಿನವರನ್ನು ಮಾತಾಡಿಸಿಕೊಂಡು ಬರಲು ಹೊರಟರು. ಬೇಡವೆನ್ನಲು ಅವನಲ್ಲಿ ಯಾವ ಕಾರಣವೂ ಇರಲಿಲ್ಲ. ಪಕ್ಕದ ಮೇಜಿನವರ ಕೋಣೆ ಒಂದು ವರ್ಕ್‌ಶಾಪಿನ ಮೇಲಿತ್ತು. ಕೆಳಗಿನಿಂದ ತಗಡು ಬಡಿಯುವ ಸದ್ದು. ಒಂದು ಮಂಚ, ಒಂದು ಕುರ್ಚಿ, ಹಗ್ಗದ ಮೇಲೆ ಷರಟುಗಳು. ಮಂಚದ ಒಂದು ಪಕ್ಕದಲ್ಲಿ ಮಾತ್ರ ಮಲಗುತ್ತಿದ್ದಂತೆ ಹಾಸಿಗೆ ಒಂದೇ ಕಡೆ ತಗ್ಗಾಗಿತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಹೆಂಡತಿ, ಅತ್ತಿಗೆ ಚಾಪೆಯ ಮೇಲೆ ಕೂತರು. ಅವನಿಗೆ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಜಾಗ ಸಿಕ್ಕಿತು. ಈಗ ಎಲ್ಲ ಬಯಲಾಗುತ್ತದೆ ಎಂದು ಅವನು ಬೆವರುತ್ತಿದ್ದಾಗ ಪಕ್ಕದ ಮೇಜಿನವರು ಮಾತಾಡತೊಡಗಿದರು. ಮೆಲ್ಲಗೆ, ಪ್ರತಿ ಪದವನ್ನೂ ಚಿಮಟದಿಂದ ಎತ್ತಿಡುವ ಹಾಗೆ. "ಬೆಳಿಗ್ಗೆ ಕಿಟಕಿ ತೆಗೀರಿ ಅಂದಳು. ಕೆಳಗೆ ತಗಡು ಬಡೀತಾರೆ, ಸದ್ದು ಬರುತ್ತೆ ಅಂದೆ. ಬರಲಿ, ಯಾರಾದ್ರೂ ಕೆಲಸ ಮಾಡೋದು ಕೇಳಿಸ್ತಿದ್ರೆ ಧೈರ್ಯವಾಗಿರುತ್ತೆ ಅಂದಳು." ಇದನ್ನು ಅವನು ಎಂದೂ ಹೇಳಿರಲಿಲ್ಲ. ಕಿಟಕಿಯ ಮಾತೇ ಅವನಿಗೆ ಹೊಳೆದಿರಲಿಲ್ಲ. ಅಸೂಯೆಯಾಯಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ನೋಡಿಕೊಂಡರೆ ಅವನೇ ಮುಂದಕ್ಕೆ ಬಾಗಿ ಕೂತಿದ್ದ. ಯಾರದೋ ಚಪ್ಪಲಿಯನ್ನು ಎದೆಗೆ ಒತ್ತಿಹಿಡಿದಿದ್ದ. ಅವಳು ಸಾಯಬಾರದೆಂದು ಅವನಿಗೆ ತೀವ್ರವಾಗಿ ಅನ್ನಿಸುತ್ತಿತ್ತು.

ಇದಾದ ಮೇಲೆ ಪಕ್ಕದ ಮೇಜಿನವರು ಇವರ ಮನೆಗೆ ಬಂದು ಹೋಗತೊಡಗಿದರು. ಬಂದರೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅತ್ತಿಗೆ ಅವರ ಷರಟಿನ ಗುಂಡಿ ಹೊಲಿದುಕೊಟ್ಟಳು, ಆಮೇಲೆ ಕಾಲರು ತಿರುಗಿಸಿಕೊಟ್ಟಳು, ಆಮೇಲೆ ಹೊಸ ಷರಟೇ ಹೊಲಿದಳು. ಒಂದು ಸಂಜೆ ಹೆಂಡತಿ ಅವನನ್ನು ಅಡಿಗೆಮನೆಗೆ ಕರೆದು "ಅಕ್ಕ ಅವರನ್ನ ಮದುವೆಯಾಗೋಕೆ ಒಪ್ಪಿದಾಳೆ ರೀ" ಎಂದಳು. "ಯಾರು ಬಂದ್ರೂ ಬೇಡ ಅಂತಿದ್ದೋಳು. ಒಂದು ಜೀವಾನ ಅಷ್ಟು ಚೆನ್ನಾಗಿ ನೋಡ್ಕೊಂಡವರು ನನ್ನನ್ನೂ ನೋಡ್ಕೋತಾರೆ ಅಂದಳು." ಅವನಿಗೆ ಥಟ್ಟನೆ ಹೊಳೆಯಿತು: ಅತ್ತಿಗೆ ಕೈಹಿಡಿಯುತ್ತಿರುವುದು ಈ ಮನುಷ್ಯನನ್ನಲ್ಲ, ತಾನು ಊಟದ ಎಲೆಯ ಮುಂದೆ ಕೂತು ಕಟ್ಟಿದ ಒಬ್ಬನನ್ನು. ಮರುದಿನ ಪಕ್ಕದ ಮೇಜಿನವರನ್ನೇ ಹಿಡಿದು "ನೀವಾದ್ರೂ ಹೇಳಿಬಿಡಿ, ನಿಮಗೆ ಹೆಂಡತಿ ಇರಲಿಲ್ಲ ಅಂತ" ಎಂದ. ಅವರು ನೊಂದ ಕಣ್ಣಿನಿಂದ ನೋಡಿ "ಅವಳು ಹೋಗಿ ಇನ್ನೂ ಎಷ್ಟು ದಿನ ಆಯ್ತು ಅಂತ ಹೀಗೆ ಮಾತಾಡ್ತೀರಿ?" ಎಂದರು. ಕೊನೆಗೆ ಅವನು ಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಎದ್ದು ನಿಂತು, ಸತ್ಯ ಹೇಳಿದ. ಪಕ್ಕದ ಮೇಜಿನವರಿಗೆ ಮದುವೆಯೇ ಆಗಿರಲಿಲ್ಲ. ಕಾಯಿಲೆ, ಕಾಲಿನ ಊತ, ಗುಳಿಗೆ ಎಲ್ಲ ನಾನೇ ಕಟ್ಟಿದ್ದು. ಹೇಳುತ್ತಿರುವಾಗಲೇ ಗೊತ್ತಾಗುತ್ತಿತ್ತು, ಹತ್ತುತ್ತಿಲ್ಲ. ಮಾತು ಬಾಯಿಂದ ಹೊರಗೆ ಬಂದ ಕೂಡಲೇ ಆರಿಹೋಗುತ್ತಿತ್ತು. ಅತ್ತಿಗೆ ತಲೆಯೆತ್ತಲಿಲ್ಲ, ಯಂತ್ರ ಓಡುತ್ತಲೇ ಇತ್ತು. ಅಮ್ಮ "ಅವಳು ಯಾರಿಗೂ ಕೆಟ್ಟದ್ದು ಮಾಡಿದೋಳಲ್ಲ ಕಣೋ" ಎಂದಳು. ಹೆಂಡತಿ "ಕಟ್ಟೋಕೆ ನಿಮಗೆ ಬರಬೇಕಲ್ಲ" ಎಂದು ತಟ್ಟೆ ಎತ್ತಿದಳು.

ಮದುವೆ ನೋಂದಣಿ ಕಚೇರಿಯಲ್ಲಿ ನಡೆಯುವುದೆಂದಾಯಿತು. ಉದ್ದನೆಯ ಬೆಂಚು, ಗೋಡೆಗೆ ಎಣ್ಣೆತಲೆಗಳ ಕಲೆ. ಗುಮಾಸ್ತ ಬಗ್ಗಿ ಬರೆಯುತ್ತ, "ಗಂಡಿಗೆ ಮೊದಲನೇ ಮದುವೆಯೋ, ಎರಡನೆಯದೋ?" ಎಂದು ಕೇಳಿದ. ಅಮ್ಮ ಹಿಂದಿನಿಂದ "ಎರಡನೆಯದು, ಪಾಪ" ಎಂದಳು. "ಹಾಗಾದ್ರೆ ಮೊದಲನೆಯವರ ಮರಣ ಪತ್ರ ತನ್ನಿ." ಹೊಸ ಷರಟಿನ ತೋಳನ್ನು ಎಳೆದುಕೊಳ್ಳುತ್ತ ಪಕ್ಕದ ಮೇಜಿನವರು ತಿರುಗಿ ಅವನನ್ನು ನೋಡಿದರು, ಆ ಪತ್ರವನ್ನೂ ಅವನೇ ಕೊಡಬೇಕೆಂಬಂತೆ. ಸಾಕ್ಷಿ ಹಾಕಲು ಬಂದವನು ಅವನು. ಆಗ ಅತ್ತಿಗೆ "ಮೊದಲನೆಯದೇ ಅಂತ ಬರ್ಕೊಳ್ಳಿ" ಎಂದಳು. ಅಮ್ಮ "ಮತ್ತೆ ಆ ಹೆಣ್ಣು?" ಎಂದು ಬಾಯಿ ಬಿಟ್ಟಳು. "ಇರಲಿಲ್ಲ ಅತ್ತೆ" ಎಂದಳು ಅತ್ತಿಗೆ, ಪಕ್ಕದ ಬೀದಿಯ ಅಂಗಡಿ ಇವತ್ತು ತೆಗೆದಿಲ್ಲ ಎನ್ನುವಷ್ಟು ಸಲೀಸಾಗಿ. "ಈ ಮದುವೆ ಷರಟಿನ ಅಳತೆ ತಗೊಳ್ಳೋವಾಗ ನಾನೇ ಕೇಳಿದೆ. ಇರಲಿಲ್ಲ ಅಂದ್ರು."

"ಗೊತ್ತಿದ್ದೂ..." ಎಂದ ಅವನು.

"ಇದ್ದಿದ್ರೆ ಇಷ್ಟು ಅಳ್ತಿದ್ರಾ?" ಎಂದು ಅತ್ತಿಗೆ ಲೇಖನಿ ಎತ್ತಿಕೊಂಡು ಸಹಿ ಹಾಕಿದಳು. ಪಕ್ಕದ ಮೇಜಿನವರೂ ಹಾಕಿದರು. "ಆದ್ರೂ ಒಂದು ಸಲ ಅವಳನ್ನ ನೆನೆಸ್ಕೊಂಡುಬಿಟ್ಟೆ" ಎಂದು ಗುಮಾಸ್ತನಿಗೆ ಹೇಳಿದರು. ಗುಮಾಸ್ತ "ಒಳ್ಳೇದು, ಒಳ್ಳೇದು" ಎಂದು ಮುಂದಿನ ಜೋಡಿಯನ್ನು ಕರೆದ.

ಹೊಸ ಜೋಡಿ ಅಮ್ಮನನ್ನು ಕರೆದುಕೊಂಡು ಆಟೋದಲ್ಲಿ ಮುಂದೆ ಹೋಯಿತು. ಮೂವರು ಕೂತ ಮೇಲೆ ಜಾಗವಿರಲಿಲ್ಲವಾದ್ದರಿಂದ ಅವನೂ ಹೆಂಡತಿಯೂ ಬಸ್ಸಿಗೆ ನಿಂತರು. ಮಧ್ಯಾಹ್ನದ ರಸ್ತೆ ಬಿಕೋ ಎನ್ನುತ್ತಿತ್ತು. ಬಸ್ಸು ಬಂತು. ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅವಳು ಕಿಟಕಿಯ ಕಡೆ ಕೂತು, ಹೊರಗೆ ನೋಡುತ್ತಲೇ ಹೇಳಿದಳು:

"ತಕ್ಕಡಿ ಮೇಲೆ ನಿಂತಿದ್ದು ನೀವೇ ಅಂತ ನನಗೆ ಗೊತ್ತಿತ್ತು."

ಅವನು ಬೆಚ್ಚಿದ.

"ಒಂದೇ ವಿಷಯ ಎರಡು ಸಲ ಹೇಳಿದ್ರಲ್ಲ. ಮೊದಲು ನಿಮ್ಮ ಹೆಸರಲ್ಲಿ, ಆಮೇಲೆ ಅವರ ಹೆಸರಲ್ಲಿ. ಆ ಪೊರಕೆ ತೋರಿಸಿದ್ದೂ ನಿಮಗೇ."

"ಗೊತ್ತಿದ್ದೂ ಅವರಿಗೋಸ್ಕರ ಅಳ್ತಿದ್ದೆಯಲ್ಲೇ."

"ನಿಮಗಾಯ್ತು ಅಂದ್ರೆ ನಾನು ಏನಾದ್ರೂ ಮಾಡಬೇಕು. ಸಾಹೇಬರಿಗೆ ಬೈಬೇಕು, ನಿಮಗೆ ಧೈರ್ಯ ಹೇಳಬೇಕು, ಕೆಲಸ ಬಿಡಿ ಅನ್ನಬೇಕು. ಬಿಟ್ಟರೆ ಏನು ಗತಿ ಅಂತ ಯೋಚಿಸಬೇಕು. ಅವರಿಗಾಯ್ತು ಅಂದ್ರೆ ಕೂತು ಅತ್ತರೆ ಸಾಕಿತ್ತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವರ ಹೆಂಡತಿ ಮಾತ್ರ ನಿಜ ಅಂದ್ಕೊಂಡಿದ್ದೆ. ಅವಳು ಇವತ್ತು ಬೆಳಿಗ್ಗೆ ತನಕ ನಿಜವಾಗಿದ್ದಳು ನನಗೆ. ಇವತ್ತು ಅಕ್ಕ ಹೇಳಿದ ಮೇಲೆ ಬೆಂಚಿನ ಮೇಲೆ ಕೂತು ಯೋಚನೆ ಮಾಡಿದೆ. ಅವರ ಕಷ್ಟ ಎಲ್ಲ ನಿಮ್ಮದು. ಅವರು ನುಂಗಿದ್ದೆಲ್ಲ ನೀವು ನುಂಗಿದ್ದು. ಅಂದ್ಮೇಲೆ ಅವರು ಅಂದ್ರೆ ನೀವೇ."

"ಹೌದು" ಎಂದ ಅವನು, ಏನೋ ದೊಡ್ಡ ಭಾರ ಇಳಿದವನ ಹಾಗೆ.

ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಿದಳು.

"ಹಾಗಾದ್ರೆ ಸತ್ತೋಳು ಯಾರು?"

ಬಸ್ಸು ಎಲ್ಲೋ ನಿಂತಿತು. ಯಾರೋ ಇಳಿದರು, ಯಾರೋ ಹತ್ತಿದರು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಏನೇ ಬಂದರೂ ಪೂರ್ತಿ ಕೇಳಿಯೇ ಏಳುತ್ತೇನೆ ಎನ್ನುವಂತೆ ಕೂತಿದ್ದಳು. ಅವನಿಗೆ ಒಮ್ಮೆಲೇ ಬಾಯಿಗೆ ಬಂದದ್ದು "ಅವರು" ಎಂಬ ಪದ. ಅದನ್ನು ನುಂಗಿದ. ಇನ್ನೊಂದು ಪದ ಹುಡುಕಿದ. ಅದು ಎಷ್ಟೋ ದಿನ ಬಳಸದೆ ಇಟ್ಟ ಬೀಗದ ಹಾಗೆ ತಿರುಗಲೊಲ್ಲದು.

"ನಾನು," ಎಂದ. ತಡೆದ. "ನನಗೆ ಅವತ್ತು ನಿನ್ನ ಮೇಲೆ ಸಿಟ್ಟು ಬಂದಿತ್ತು."

ಕಂಡಕ್ಟರು ಬಂದು ಪಕ್ಕದಲ್ಲಿ ನಿಂತ. ಹೆಂಡತಿ ಕಂಡಕ್ಟರನ್ನು ನೋಡದೆಯೇ ಚಿಲ್ಲರೆ ಕೊಟ್ಟು, ಚೀಟಿಗಳನ್ನು ಮುಷ್ಟಿಯಲ್ಲಿ ಹಿಡಿದು, ಆತ ಮುಂದೆ ಹೋಗುವ ತನಕ ಕಾದಳು.

"ಹೂಂ" ಎಂದಳು.